ಹಿಡಿಪಟ್ಟಿ

“ಗಟ್ಟಿ ಹಿಡಿ ಬೇ ಅಕ್ಕೀ. ನೀ ಮೆತ್ತಗ ಹಿಡದ್ರ ನಿನ್ನ ಗಂಡನ ಕೈಲೆ ಎಂದೂ ಬಿಚ್ಚೂದಿಲ್ಲ.”

ಹಾಗಂದು ಅಣ್ಣಾಸಾಬ ಸಾವಕಾರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. ಎದುರಿಗೆ ಕುಳಿತಿದ್ದ ಸಕ್ಕರೆ ಕಾರಖಾನೆಯ ಇಬ್ಬರೂ ನಕ್ಕರು. ಅವರು ಮಾತು ಅರ್ಧದಲ್ಲಿರುವಾಗಲೇ ನಗಲು ಸುರು ಮಾಡಿದ್ದರು. ಸಾವಕಾರನ ಮನೆಯ ಚಹಾ ಕುಡಿಯಬೇಕೆಂದರೆ ಅಷ್ಟು ಮಾಡಲೇಬೇಕಿತ್ತು.

ಅಕ್ಕುತಾಯಿ ಜೀಪಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿ, ಕಬ್ಬಿಣದ ಪಟ್ಟಿಯೊಂದನ್ನು ಎರಡೂ ಕೈಯಿಂದ ಅಮುಕಿಕೊಂಡು ನಿಂತಿದ್ದಳು. ನಗು ಅವಳ ಬೆನ್ನಿಗೆ ಕೇಳಿಸಿತು. ಸೆರಗು ಸರಿಮಾಡಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ಕೈ ಬಿಟ್ಟರೆ ಎದುರಿಗಿದ್ದ ಗಂಡ ಸಂಭಾಜಿಯ ಬೆರಳು ಹೋಗುತ್ತಿದ್ದವು.

ಎಂಜಿನು ತಣ್ಣಗಿಡುವ ಫ್ಯಾನನ್ನು ಆ ಜೀಪಿಗೆ ಅಂಗೈಯಗಲದ ಒಂದೇ ನಟ್ಟಿನಿಂದ ಕೂಡಿಸಿದ್ದರು. ಬರೀ ಪಾನಾ, ಅಂದರೆ ಸ್ಪ್ಯಾನರು, ಹಾಕಿ ತಿರುವಿದರೆ ನಟ್ಟಿನ ಜೊತೆಗೆ ಹಿಂದಿನ ಪುಲ್ಲಿಯೂ ತಿರುಗುತ್ತದೆ. ಹೊತ್ತು ಮುಳುಗುವ ತನಕ ತಿರುವಿದರೂ ಬಿಚ್ಚುವುದಿಲ್ಲ. ಒಬ್ಬರು ಪಟ್ಟಿ ಹಾಕಿ ಪುಲ್ಲಿ ಹಿಡಿಯಬೇಕು, ಇನ್ನೊಬ್ಬರು ಪಾನಾ ಹಾಕಿ ನಟ್ಟು ತಿರುವಬೇಕು. ತಿರುವುವವನು ಸಂಭಾಜಿ, ಹಿಡಿಯುವವಳು ಅಕ್ಕುತಾಯಿ. ಕೆಲಸ ಆದ ಮೇಲೆ ‘ಸಂಭ್ಯಾ ಫ್ಯಾನ್ ಬಿಚ್ಚಿದ’ ಎನ್ನುತ್ತಿದ್ದರು. ಹಿಡಿದವಳ ಮಾತು ಬರುತ್ತಿದ್ದದ್ದು ಹೀಗೆ ನಗುವುದಕ್ಕೆ ಮಾತ್ರ.

ಕಟ್ ಎಂದು ನಟ್ಟು ಸಡಿಲಾಯಿತು. ಸಂಭಾಜಿ ಫ್ಯಾನು ಕೆಳಗಿಳಿಸಿ, ಅದರ ಹಿಂದಿನ ನೀರಿನ ಪಂಪು ಬಿಚ್ಚಿ ಅಲುಗಿಸಿ ನೋಡಿದ.

“ಬೇರಿಂಗ ಹೋಗೇತ್ರಿ ಸಾವಕಾರ್ರ. ಹೊಸಾದ ಪಂಪ ಹಾಕಬೇಕ್ರಿ.”

“ತಂದೇನಿ ತಗೋ.” ಸಾವಕಾರ ಕಾಲಿನಿಂದ ಒಂದು ಚೀಲ ನೂಕಿದ. ಒಳಗೆ ಎಣ್ಣೆ ಹಚ್ಚಿ ಮಿಂಚಿಸಿದ ಹಳೆಯ ಪಂಪು. “ನಿಪ್ಪಾಣಿ ಗುಜರ್ಯಾಗಿಂದು. ಕೂಡಸು.”

“ಇದು ಭಾಳ ದಿನ ನಿಂದ್ರೂದಿಲ್ರಿ.”

“ನಿನ್ನ ಕೇಳೇನೇನಲೇ? ಕೂಡಸಂದ್ರ ಕೂಡಸು. ಮಗನ, ನಾಲ್ಕ ನಟ್ಟ ಬಿಚ್ಚಾಕ ಬಂತಂದ್ರ ಕಂಪನಿ ಇಂಜಿನಿಯರ್ ಆದ್ಯಾ?”

ಕಾರಖಾನೆಯವನೊಬ್ಬ ಪಾನಾ ಎತ್ತಿ ತೂಗಿ ನೋಡಿದ. ಮೊಳಕೈ ಉದ್ದದ್ದು, ಕರ್ರಗೆ, ಬಾಯಿ ಮಾತ್ರ ಅರ ಹಾಕಿ ಹೊಳೆಯುತ್ತಿತ್ತು. “ಭಾರಿ ಐತಲ್ರಿ. ಯಾವ ಕಂಪನೀದು?”

“ಹೊಲಗೇರಿ ಕಂಪನಿ,” ಎಂದ ಸಾವಕಾರ. ಮತ್ತೆ ನಗು. ಸಂಭಾಜಿಯೂ ನಕ್ಕ. ಅಕ್ಕುತಾಯಿಗೆ ಅವನ ನಗುವಿನಷ್ಟು ಹೇಸಿಕೆ ಸಾವಕಾರನ ನಗುವಿನಿಂದಲೂ ಆಗಲಿಲ್ಲ.

ಪಾನಾ ಹುಟ್ಟಿದ್ದು ಅವರಿಬ್ಬರೂ ಆಳಾಗಿದ್ದ ಸಾವಕಾರನ ವಾಡೆಯ ತಿಪ್ಪೆಯಲ್ಲಿ. ಸೆಗಣಿ ಬಾಚುವಾಗ ಟ್ರೇಲರಿನ ಮುರಿದ ಸ್ಪ್ರಿಂಗ್ ಪಟ್ಟಿಯೊಂದು ಅವಳ ಸಲಿಕೆಗೆ ಬಡಿದಿತ್ತು. ಅದನ್ನು ತೊಳೆದು ತಂದುಕೊಟ್ಟವಳು ಅವಳೇ. ನಟ್ಟಿನ ಅಳತೆ ಹಿಡಿಯಲು ಅಳತೆಪಟ್ಟಿ ಕೈಗೆ ಸಿಗದೆ ಸಂಭಾಜಿ ತಲೆ ಕೆರೆಯುತ್ತಿದ್ದಾಗ, ಬುತ್ತಿಯ ಜೊತೆ ಜೋಳದ ಹಿಟ್ಟಿನ ಮುದ್ದೆ ತಂದು ನಟ್ಟಿನ ಮೇಲೆ ಒತ್ತಿ, ರೊಟ್ಟಿಯ ಮೇಲೆ ಬೆರಳಚ್ಚು ಮೂಡಿದ ಹಾಗೆ ಆರೂ ಮೂಲೆಗಳನ್ನು ಎತ್ತಿ ಕೊಟ್ಟಿದ್ದಳು. ಕೊಟ್ಟಿಗೆಯ ಹಿಂದೆ ತಗ್ಗು ತೋಡಿ, ಜಾಲಿ ಇದ್ದಲಿ ಹಾಕಿ, ಅವಳು ತಿದಿ ಒತ್ತಿದಳು, ಅವನು ಕೆಂಪಗೆ ಕಾಸಿ ಬಡಿದ. ಬಾಯಿ ಕೊರೆಯಲು ಮಾತ್ರ ವಾಡೆಯ ಗ್ರೈಂಡರು ಬೇಕಾಯಿತು. ಪುಲ್ಲಿ ಹಿಡಿಯುವ ಹಿಡಿಪಟ್ಟಿಗೆ ಅದೂ ಬೇಕಾಗಿರಲಿಲ್ಲ: ಒಂದು ಮಾಮೂಲಿ ಪಟ್ಟಿ, ಪುಲ್ಲಿಯ ಬೋಲ್ಟುಗಳಿಗೆ ಸಿಕ್ಕಿಬೀಳುವಂಥ ಎರಡು ತೂತು, ಸ್ವಲ್ಪ ಸೊಟ್ಟ ಬಾಗಿದ ಹಿಡಿಕೆ. ನೋಡಿದವರಿಗೆ ಅದು ಕಿತ್ತುಹೋದ ಬಾಗಿಲಿನ ಚಿಲಕದಂತೆ ಕಾಣುತ್ತಿತ್ತು.

ಆ ಸೀಮೆಯಲ್ಲಿ ಅಂಥ ಜೋಡಿ ಇನ್ನೊಂದಿರಲಿಲ್ಲ. ಪಂಪು ಹೋದ ಪಿಕಪ್ಪುಗಳು ಚಿಕ್ಕೋಡಿಯ ತನಕ ಹಗ್ಗ ಕಟ್ಟಿಸಿಕೊಂಡು ಹೋಗುತ್ತಿದ್ದವು. “ಕಬ್ಬೂರ ರಸ್ತೆ ಕ್ರಾಸಿನ್ಯಾಗ ಒಂದ ಶೆಡ್ಡ ಹಾಕೋ ಮಾರಾಯಾ, ನಾವು ಬರ್ತೇವಿ,” ಎಂದು ಡ್ರೈವರುಗಳು ಸಂಭಾಜಿಗೆ ಗಂಟುಬಿದ್ದಿದ್ದರು. ಅಕ್ಕುತಾಯಿ ತವರಿನಿಂದ ತಗಡು ತಂದು, ಕ್ರಾಸಿನಲ್ಲಿ ನಾಲ್ಕು ಕಂಬ ನೆಡಿಸಿದ್ದಳು. ದಸರೆ ಮುಗಿಯುತ್ತಲೂ ವಾಡೆಯ ಸೆಗಣಿಗೂ ಸಾವಕಾರನ ಬಾಯಿಗೂ ಬೆನ್ನು ಹಾಕುವುದು ಅವಳ ಲೆಕ್ಕ.

ಸಂಭಾಜಿ ಹೆದರುತ್ತ ಹೆದರುತ್ತ ಹೇಳಿದಾಗ ಸಾವಕಾರ ಸಿಟ್ಟಾಗಲಿಲ್ಲ. “ಹೋಗಲೇ. ಯಾರ ಬ್ಯಾಡ ಅಂದಾರು? ಬೆಳೀಬೇಕ್ರೆಪಾ ನಿಮ್ಮಂಥಾವ್ರು,” ಎಂದ. ಈಚೆಗೆ ಅವನು ಹಾಗೆ ಮಾತಾಡುತ್ತಿದ್ದ. ಕಾರಖಾನೆಯ ಡೈರೆಕ್ಟರ್ ಚುನಾವಣೆ ಹತ್ತಿರ ಬಂದಿತ್ತು. ಅಲ್ಲದೆ ವಾಡೆಯಲ್ಲಿ ಕೇರಿಯವರಿಗೆ ಚಹಾ ಕೊಡಲು ಈಗ ಕಾಗದದ ಕಪ್ಪು ಬಂದಿದ್ದವು. ಗೋಡೆಯ ಗೂಡಿನಲ್ಲಿದ್ದ ಬೇರೆ ಕಪ್ಪು ಹೋದಂದಿನಿಂದ ತಾನು ಜಾತಿ ಬಿಟ್ಟವನೆಂದು ಅವನು ಎಲ್ಲರ ಮುಂದೆ ಹೇಳುತ್ತಿದ್ದ. ಹೇಳುವಾಗ ಅವನ ಕೈಯಲ್ಲಿ ಸ್ಟೀಲಿನ ಲೋಟ ಇರುತ್ತಿತ್ತು.

*

ಖಂಡೇನವಮಿಯ ದಿನ ವಾಡೆಯ ಕಬ್ಬಿಣವೆಲ್ಲ ಪೂಜೆಗೆ ಕೂಡಬೇಕು. ಆಳು ಸಿದರಾಯ ಕುಡಗೋಲು, ಕೊಡಲಿ, ನೇಗಿಲಿನ ಕುಳ, ಕೊನೆಗೆ ಹಿಟ್ಟಿನ ಗಿರಣಿಯ ಚಕ್ರವನ್ನೂ ಒಳಗೆ ಹೊತ್ತು ಹಾಕಿದ. ಕೊಟ್ಟಿಗೆಗೆ ಬಂದು ಸಂಭಾಜಿಯ ಪಾನಾವನ್ನೂ ಎತ್ತಿಕೊಂಡ. ಪಕ್ಕದಲ್ಲಿದ್ದ ಹಿಡಿಪಟ್ಟಿಯನ್ನು ತಿರುಗಿಸಿ ನೋಡಿದ.

“ಇದೇನ ಬೇ ಗುಜರಿ?”

ಅಕ್ಕುತಾಯಿ ಬಾಯಿ ತೆರೆಯುವುದರೊಳಗೆ ಅದನ್ನು ತಿಪ್ಪೆಗೆ ಒಗೆದ. ಸಂಜೆ ಮನೆಗೆ ಹೋಗುವಾಗ ಸೆಗಣಿಯ ಕುರುಳು ತುಂಬಿದ ಅವಳ ಬುಟ್ಟಿಯ ತಳದಲ್ಲಿ ಪಟ್ಟಿ ಇತ್ತು.

ಅದಕ್ಕೂ ಮೊದಲು, ವಾಡೆಯ ಅಂಗಳ ಸಾರಿಸುತ್ತಿದ್ದವಳಿಗೆ ಬಾಗಿಲಿನಿಂದ ಒಳಗಿನ ಪೂಜೆ ಕಾಣುತ್ತಿತ್ತು. ಪಾನಾಕ್ಕೆ ಅರಿಷಿಣ, ಕುಂಕುಮ, ಚಂಡುಹೂವಿನ ಮಾಲೆ. ಪೂಜಾರಿ ಆರತಿ ಎತ್ತಿದ. ಸಾವಕಾರ ಮೊಣಕಾಲೂರಿ ಅದಕ್ಕೆ ಹಣೆ ಹಚ್ಚಿದ, ಹಿಂದೆಯೇ ಸಿದರಾಯನೂ ಹಚ್ಚಿದ. ಸಂಭಾಜಿ ಮೆಟ್ಟಿಲ ಕೆಳಗೆ ಕೈಮುಗಿದು ನಿಂತಿದ್ದ.

“ನೋಡ ಅಕ್ಕು, ನಮ್ಮ ಪಾನಾಕ್ಕ ಮಾಲಿ ಹಾಕ್ಯಾರ.”

“ನೋಡಿದೆ. ಪಾನಾ ಒಳಗ ಹೋತು, ನೀವು ಹೊರಗ ನಿಂತ್ರಿ. ಹೊರಗ ಬಂದ ಮ್ಯಾಲೆ ಅದನ್ನ ಕೇಳ್ರಿ, ಯಾವ ಜಾತಿ ಅಂತ ಹೇಳಿ ಒಳಗ ಹೋತಂತ.”

“ಕಬ್ಬಣಕ್ಕ ಮೈಲಿಗಿ ಇರೂದಿಲ್ಲಂತ.”

“ಹೌದಲ್ರಿ, ಬಡದ ಕೈಗೆ ಇರತೈತಿ.”

ಮರುದಿನ ದಸರೆ. ಕೇರಿಯವರಿಗೆ ಅದು ಬೌದ್ಧ ದೀಕ್ಷೆಯ, ಧಮ್ಮಚಕ್ರದ ದಿನ. ವಿಹಾರದ ಮುಂದೆ ನೀಲಿ ಧ್ವಜ ಏರಿತ್ತು, ಹೆಂಗಸರು ಬಿಳಿ ಸೀರೆ ಉಟ್ಟಿದ್ದರು. ಸಂಭಾಜಿ ಅಲ್ಲಿಂದ ಎದ್ದು ವಾಡೆಯ ಕಡೆ ಹೊರಟ.

“ನಮ್ಮ ಹಬ್ಬದ ದಿನ ಅವನ ಬನ್ನಿ ಎಲಿಗೆ ಕೈ ಒಡ್ಡಾಕ ಹೊಂಟೀರೇನ್ರಿ?”

“ಹಬ್ಬದ ದಿನ ಮನಷಾನ ಮನಸ ದೊಡ್ಡದಿರತೈತಿ. ಪಾನಾ ಕೇಳಿಕೊಂಡ ಬರ್ತೇನಿ.”

ಅವಳೂ ಹಿಂದೆ ಹೋದಳು. ಸಾವಕಾರ ಕಟ್ಟೆಯ ಮೇಲೆ ನಿಂತು ಬಂದವರಿಗೆಲ್ಲ ಬನ್ನಿ ಕೊಟ್ಟು ಅಪ್ಪಿಕೊಳ್ಳುತ್ತಿದ್ದ. ಸಂಭಾಜಿಯ ಸರದಿ ಬಂದಾಗ ಕೈ ಮೇಲಕ್ಕೆ ಎತ್ತಿ, ಎಲೆಗಳನ್ನು ಮೇಲಿಂದ ಅವನ ಬೊಗಸೆಗೆ ಬಿಟ್ಟ. ಅರ್ಧ ಬೊಗಸೆಗೆ, ಅರ್ಧ ನೆಲಕ್ಕೆ ಬಿದ್ದವು. ಸಂಭಾಜಿ ಬಗ್ಗಿ ನೆಲದ ಎಲೆಗಳನ್ನೂ ಆರಿಸಿಕೊಂಡ.

“ಸಾವಕಾರ್ರ, ನಮ್ಮ ಪಾನಾ ಒಂದ ಒಳಗ ಐತ್ರಿ. ನಾಳಿಂದ ಶೆಡ್ಡ…”

“ನಿಮ್ಮ ಪಾನಾ?” ಸಾವಕಾರ ಸುತ್ತ ನಿಂತವರನ್ನು ನೋಡಿದ. “ಸ್ಪ್ರಿಂಗ್ ಪಟ್ಟಿ ಯಾರ ಟ್ರೇಲರದು ಲೇ?”

“ನಿಮ್ದ ರೀ.”

“ಗ್ರೈಂಡರ ಯಾರದು? ಕರೆಂಟ ಯಾರದು?”

“ನಿಮ್ದ ರೀ.”

“ಬಡದ ಕೈ ಯಾರ ಕೂಳ ತಿಂದ ಬೆಳದಾವು?”

“ನಿಮ್ದ ರೀ,” ಎಂದ ಸಂಭಾಜಿ, ಕನ್ನಡ ಶಾಲೆಯ ಮಗ್ಗಿ ಒಪ್ಪಿಸಿದ ಹಾಗೆ.

“ಮತ್ತ? ಪೂಜಿಗೆ ಕುಂತದ್ದು ಮನಿ ಲಕ್ಷ್ಮಿ. ಅದು ಹೊಸ್ತಲಾ ದಾಟಬಾರದು. ನಾ ಕೊಟ್ಟೇನಪಾ, ನಂದೇನಿಲ್ಲ. ಮನ್ಯಾಗ ಹೆಂಗಸರಿಗೆ ಸೇರೂದಿಲ್ಲ.”

ಒಳಗಿನಿಂದ ಅವನ ಹೆಂಡತಿ ಸಾವಿತ್ರೆವ್ವನ ದನಿ ಬಂತು: “ಪೂಜಿ ಆದದ್ದ ಮತ್ತ ಅವರ ಕೈಯಾಗ ಕೊಡ್ತಾರೇನು? ಬ್ಯಾಡಂತ ಹೇಳ್ರಿ.”

ಅಕ್ಕುತಾಯಿ ಮುಂದೆ ಬಂದಳು. “ತಿಪ್ಪ್ಯಾಗ ಬಿದ್ದಾಗ ಅದು ಲಕ್ಷ್ಮಿ ಆಗಿದ್ದಿಲ್ಲೇನ್ರಿ? ಹೆಕ್ಕಿ ತಗದಾಕಿ ನಾನು.”

“ತಿಪ್ಪಿನೂ ನಂದ, ಹೆಕ್ಕಿದಾಕೀನೂ ನನ್ನ ಆಳು,” ಎಂದ ಸಾವಕಾರ. “ನಡೀ ಬೇ. ಹಬ್ಬದ ದಿನ ಬಾಯಿ ಹೊಲಸ ಮಾಡಸಬ್ಯಾಡ.”

*

ದೀಪಾವಳಿ ಮುಗಿಯಿತು. ಕಬ್ಬಿನ ಹಂಗಾಮು ಸುರುವಾಗಿ ರಸ್ತೆಯ ತುಂಬ ಗಾಡಿಗಳಾದವು. ಕ್ರಾಸಿನ ಶೆಡ್ಡಿನಲ್ಲಿ ಪಂಕ್ಚರು ಹಾಕುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಸಂಭಾಜಿ ಇನ್ನೊಂದು ಪಾನಾ ಮಾಡಲು ಕುಳಿತ. ಕಬ್ಬೂರಿನ ವೆಲ್ಡಿಂಗ್ ಅಂಗಡಿಯ ಮಾಳೇಶ ಮೊದಲು ಹೂಂ ಅಂದವನು, ಮರುದಿನ ಬಾಗಿಲಲ್ಲೇ ತಡೆದ.

“ಸಾವಕಾರ್ರ ಫೋನ ಬಂದಿತ್ತ ಕಾಕಾ. ಗ್ರೈಂಡರ ಮುಟ್ಟಸಿದ್ರ ನನ್ನ ಅಂಗಡಿ ಉಳ್ಯೂದಿಲ್ಲ. ತಪ್ಪ ತಿಳ್ಕೋಬ್ಯಾಡ.”

ಗಟ್ಟಿ ಉಕ್ಕು ಕೈಗರಗಸಕ್ಕೆ ಬಗ್ಗಲಿಲ್ಲ, ಅಲಗುಗಳೇ ಮುರಿದವು. ಕೇರಿಯ ಹಿಂದೆ ಬಿದ್ದಿದ್ದ ಹಳೆಯ ಚಕ್ಕಡಿಯ ಗಾಲಿಪಟ್ಟಿಯನ್ನು ಕಾಸಿ ನೆಟ್ಟಗೆ ಮಾಡಿದರು. ಅಕ್ಕುತಾಯಿ ತಿದಿ ಒತ್ತಿ ಒತ್ತಿ ಮೊಳಕೈ ಕೆಂಪಾಯಿತು. ಉಳಿ ಇಟ್ಟು ಬಡಿದು, ಅರ ಹಾಕಿ ಬಾಯಿ ಮಾಡಿದರು. ನೋಡಲು ಹಳೆಯದರ ತಮ್ಮನಂತೆಯೇ ಇತ್ತು. ಮೊದಲ ಪಿಕಪ್ಪಿನ ನಟ್ಟಿಗೆ ಹಾಕಿ ಸಂಭಾಜಿ ಮೈಯೆಲ್ಲ ಭಾರ ಬಿಟ್ಟಾಗ ಮೆತ್ತನೆಯ ಕಬ್ಬಿಣ ಬಾಯಿ ಬಿಟ್ಟಿತು. ಪಾನಾ ಜಾರಿ ನಟ್ಟಿನ ಮೂಲೆ ಸವೆಯಿತು.

“ಬಿಡೋ ಮಾರಾಯಾ, ಇದ್ದ ನಟ್ಟನೂ ತಿಂದ್ಯಾ,” ಎಂದು ಡ್ರೈವರು ಬಾನೆಟ್ಟು ಹಾಕಿಕೊಂಡು ಹೋದ. ಆಮೇಲೆ ಬೇರೆಯವರೂ ಬರಲಿಲ್ಲ.

“ವಾಡೇಕ ಮತ್ತ ಕೆಲಸಕ್ಕ ಹೋಗೂಣು ಅಕ್ಕು,” ಎಂದ ಸಂಭಾಜಿ. “ಕೈ ಮುಗದ್ರ ಇಟಗೋತಾನ.”

“ಮುಗೀರಿ. ಮುಗದ ಮುಗದ ನಿಮ್ಮ ಕೈ ಬ್ಯಾರೆ ಕೆಲಸ ಮರತಾವು.”

ಅಂದಳು, ಆದರೆ ರಾತ್ರಿಯ ರೊಟ್ಟಿಗೆ ಹಿಟ್ಟು ಯಾರ ಮನೆಯಿಂದ ತರಬೇಕೆಂಬುದು ಅವಳಿಗೂ ತಿಳಿದಿರಲಿಲ್ಲ.

ಹಾಗಿರುವಾಗ ಒಂದು ಮುಂಜಾನೆ ಸಿದರಾಯ ಫಟಫಟಿ ಬೈಕು ನಿಲ್ಲಿಸಿ ಶೆಡ್ಡಿನ ಮುಂದೆ ಇಳಿದ. ಮೊಳಕಾಲಿನ ತನಕ ಸೆಗಣಿ ಮೆತ್ತಿತ್ತು.

“ಸಂಭಾಜಿ, ನಡೀಲೇ ಲಗೂನ. ಇವತ್ತ ಸಾವಕಾರ್ರು ಚಿಕ್ಕೋಡ್ಯಾಗ ಚುನಾವಣಿ ಫಾರಂ ತುಂಬಾವ್ರು. ಜೀಪಿನ ಪಂಪ ಹೋಗೇತಿ. ಹೊಸಾದ ತಂದಾರ, ಫ್ಯಾನ ಬಿಚ್ಚವಲ್ದು. ಪಾನಾ ಹಾಕಿದ್ರ ಪುಲ್ಲಿ ಗರಗರ ತಿರಗತೈತಿ.” ಆಮೇಲೆ ಅಕ್ಕುತಾಯಿಯ ಕಡೆ ತಿರುಗಿ, ದನಿ ತಗ್ಗಿಸಿ, “ಆ ಸೊಟ್ಟ ಪಟ್ಟಿ ಏನರ ನಿನ್ನ ಕಡೆ ಐತೇನ ಬೇ?”

“ತಿಪ್ಪ್ಯಾಗ ಒಗದಿದ್ಯಲ್ಲಾ, ಹುಡುಕು.”

“ಹುಡುಕಿದೇವ ಬೇ. ಇದ್ದಬಿದ್ದಾವ್ರೆಲ್ಲಾ ತಿಪ್ಪ್ಯಾಗ ಇಳದೇವಿ. ಬಿಳೀ ಅಂಗಿ ಹಾಕ್ಕೊಂಡ ಬಂದಾವ್ರೂ ಇಳದಾರ.”

ಅಕ್ಕುತಾಯಿಗೆ ಆ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಅವಸರ ಮಾಡಲಿಲ್ಲ.

“ಬ್ಯಾರೆ ಗಾಡ್ಯಾಗ ಹೋಗ್ಲಿ.”

“ಕಾರ ಕೊಲ್ಲಾಪುರಕ ಹೋಗೇತಿ. ಡೈರೆಕ್ಟರ ಆಗಾಂವ ಫಟಫಟಿ ಮ್ಯಾಲ ಹೋಗ್ತಾನೇನ ಬೇ?”

ಸಂಭಾಜಿ ಆಗಲೇ ಟೊಪ್ಪಿಗೆ ಹಾಕಿಕೊಂಡಿದ್ದ. ಅಕ್ಕುತಾಯಿ ಮೂಲೆಯ ಗೋಣಿಚೀಲದ ಕೆಳಗಿನಿಂದ ಹಿಡಿಪಟ್ಟಿ ತೆಗೆದಳು. ಸಿದರಾಯ ಕೈ ಚಾಚಿದ.

“ಇದು ನನ್ನ ಕೈಯಾಗ ಬರತೈತಿ,” ಎಂದಳು.

*

ವಾಡೆಯ ಮುಂದೆ ಜೀಪಿಗೆ ಬಾಳೆಕಂಬ ಕಟ್ಟಿತ್ತು. ಗುಲಾಲು, ಹಲಗಿ, ಹಾರ, ಜೈ ಎನ್ನಲು ಬಂದ ಮಂದಿ. ಸಾವಕಾರ ರೇಷ್ಮೆಯ ಶಾಲು ಹೊದ್ದು ಬಾನೆಟ್ಟು ತೆರೆದ ಜೀಪಿನ ಪಕ್ಕ ನಿಂತಿದ್ದ. ವಿಡಿಯೋ ತೆಗೆಯಲು ಹತ್ತಾರು ಫೋನುಗಳನ್ನು ಅವನ ಮುಖಕ್ಕೇ ಹಿಡಿದಿದ್ದರು.

“ಕಳವ ಮಾಡಿ ಇಟಗೊಂಡಿದ್ದೇನ ಬೇ ಅದನ್ನ?”

“ನಿಮ್ಮ ಗುಜರಿ ಐತ್ರಿ. ಸಿದರಾಯನ್ನ ಕೇಳ್ರಿ.”

ಪಾನಾ ಜೀಪಿನ ಮಡಗಾರ್ಡಿನ ಮೇಲಿತ್ತು, ಕುಂಕುಮ ಒಣಗಿ ಅಂಟಿಕೊಂಡಿತ್ತು.

“ಲಕ್ಷ್ಮಿ ಹೊಸ್ತಲಾ ದಾಟ್ಯಾಳಲ್ರಿ,” ಎಂದಳು ಅಕ್ಕುತಾಯಿ. “ಮನ್ಯಾಗ ಹೆಂಗಸರಿಗೆ ಸೇರ್ತೇನ್ರಿ?”

“ಬಾಯಿ ಮುಚ್ಚಗೊಂಡ ಹಿಡಿ.”

ಅವಳು ಹಿಡಿದಳು. ಪಟ್ಟಿಯ ತೂತುಗಳನ್ನು ಬೋಲ್ಟುಗಳಿಗೆ ಸಿಕ್ಕಿಸಿ, ಒಂದು ಕಾಲು ಬಂಪರಿಗೆ ಒತ್ತಿ, ಮೈ ಬಿಗಿ ಮಾಡಿದಳು. ಇವತ್ತು ಯಾರೂ ಚೇಷ್ಟೆ ಮಾಡಲಿಲ್ಲ. ಹಲಗಿಯ ಬಡಿತವೂ ನಿಂತಿತ್ತು. ಸಂಭಾಜಿ ಹಲ್ಲು ಕಚ್ಚಿ ಪಾನಾ ಎಳೆದ. ನಟ್ಟು ಬಿಚ್ಚಿತು. ಫ್ಯಾನು ನೆಲಕ್ಕಿಳಿಯಿತು, ಕೆಟ್ಟ ಪಂಪು ಕಿತ್ತು ಬಂತು. “ಅಣ್ಣಾಸಾಬ ಸಾವಕಾರಂದು…” ಎಂದು ಯಾರೋ ಕೂಗಿದರು. “ಜೈ” ಎಂದಿತು ಮಂದಿ.

ಸಂಭಾಜಿ ಹೊಸ ಪಂಪು ಎತ್ತಿಕೊಳ್ಳುವಷ್ಟರಲ್ಲಿ ಅಕ್ಕುತಾಯಿ ಪಾನಾ ತೆಗೆದುಕೊಂಡು, ಕುಂಕುಮವನ್ನು ಸೆರಗಿನ ತುದಿಯಿಂದ ಒರೆಸಿ, ಹಿಡಿಪಟ್ಟಿಯ ಜೊತೆ ಕಂಕುಳಲ್ಲಿ ಇಟ್ಟುಕೊಂಡಳು.

“ಬಿಚ್ಚೂದ ಆತ್ರಿ ಸಾವಕಾರ್ರ. ಕೂಡಸೂದು ಅಂಗಡ್ಯಾಗ.”

“ಯಾವ ಅಂಗಡಿ?”

“ನಮ್ಮದು. ಕ್ರಾಸಿನ್ಯಾಗ. ಜೀಪ ತಗೊಂಡ ಬರ್ರಿ, ಇವರು ಅಲ್ಲೇ ಇರ್ತಾರ.”

ಸಾವಕಾರನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈ ಎತ್ತಿದ. “ನಿನ್ನೌನ, ರಂಡೆ…”

ಫೋನುಗಳು ಇನ್ನೂ ಮೇಲೆಯೇ ಇದ್ದವು. ಎತ್ತಿದ ಕೈಯನ್ನು ಅವನು ಹಾಗೆಯೇ ತಿರುಗಿಸಿ ಮಂದಿಗೆ ನಮಸ್ಕಾರ ಮಾಡುವಂತೆ ಆಡಿಸಿದ. ಮುಖದಲ್ಲಿ ನಗು ತಂದುಕೊಂಡ. ನಗುತ್ತಲೇ, ತುಟಿ ಅಲುಗಿಸದೆ ಹೇಳಿದ: “ಸಿದ್ಯಾ, ಕಸಗೊಳ್ಳಲೇ ಅದನ್ನ.”

ಸಿದರಾಯ ಅಂಗಳದ ಹೆಬ್ಬಾಗಿಲು ಅಗಸಿಯಲ್ಲಿ ಅಡ್ಡ ನಿಂತ. ಕೈ ಮುಂದೆ ಮಾಡಿದ, ಹಿಂದೆ ಎಳೆದುಕೊಂಡ. ಹಣೆ ಹಚ್ಚಿದ ಪಾನಾ ಅವಳ ಕಂಕುಳಲ್ಲಿತ್ತು. ಅದನ್ನು ಹಿಡಿದು ಎಳೆಯಬೇಕೆಂದರೆ ಅವಳ ಮೈ ಮುಟ್ಟಬೇಕು. ಮೊಳಕಾಲಿನ ಸೆಗಣಿ ಮೈಲಿಗೆಯಲ್ಲ, ಅವಳ ಮೈ ಮೈಲಿಗೆ. ಅವಳು ನಿಲ್ಲಲಿಲ್ಲ. ಅವನೇ ಬದಿಗೆ ಸರಿದ.

ಗಂಡನನ್ನು ಅವಳು ಕರೆಯಲಿಲ್ಲ. ಬರುವುದಾದರೆ ಬರಲಿ, ಬಿಟ್ಟರೆ ಬಿಡಲಿ ಅನಿಸಿತ್ತು. ಹಣಮಪ್ಪನ ಗುಡಿ ದಾಟುವಾಗ ಹಿಂದೆ ಚಪ್ಪಲಿಯ ಸದ್ದು ಕೇಳಿತು. ಸಂಭಾಜಿ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಹೊಸ ಪಂಪು.

“ಅಯ್ಯ, ಇದು ಕೈಯಾಗ ಉಳೀತ ಅಕ್ಕು. ಕೊಟ್ಟ ಬರ್ತೇನಿ.”

“ಇರಲಿ. ಜೀಪ ಬಂದ್ರ ಬೇಕಾಗತೈತಿ.”

“ನಮ್ಮನ್ನ ಸುಮ್ಮ ಬಿಡೂದಿಲ್ಲ ಅವರು.”

“ಇಷ್ಟ ದಿನ ಬಿಟ್ಟಿದ್ರೇನ್ರಿ?”

ಅವರು ಕ್ರಾಸು ಮುಟ್ಟುವ ಮೊದಲೇ ಒಂದು ಫಟಫಟಿ ಧೂಳೆಬ್ಬಿಸಿ ಪಕ್ಕದಿಂದ ಹೋಯಿತು. ಮುಂದೆ ಸಿದರಾಯ, ಹಿಂದೆ ಅಣ್ಣಾಸಾಬ ಸಾವಕಾರ. ಶಾಲು ಗಾಲಿಗೆ ಸಿಗಬಾರದೆಂದು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದ. ಈ ಕಡೆ ನೋಡಲಿಲ್ಲ.

ಮಧ್ಯಾಹ್ನ ಸಂಭಾಜಿಯ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕುಳಿತ, ಎತ್ತಲಿಲ್ಲ. ಅಕ್ಕುತಾಯಿ ಶೆಡ್ಡಿನ ಮುಂದೆ ನೀರು ಹೊಡೆದು ಧೂಳು ಅಡಗಿಸಿದಳು. ಕಬ್ಬು ಹೇರಿದ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಯಾವುದೂ ನಿಲ್ಲಲಿಲ್ಲ.

ಬಿಸಿಲು ಇಳಿಯುವಾಗ ಊರ ಕಡೆಯಿಂದ ಏನೋ ನಿಧಾನ ಬರುತ್ತಿರುವುದು ಕಂಡಿತು. ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಜೀಪು. ಟ್ರ್ಯಾಕ್ಟರುಗಳೆಲ್ಲ ಕಬ್ಬಿಗೆ ಹೋಗಿದ್ದರಿಂದ ಎರಡು ಎತ್ತು ಹೂಡಿ ಎಳೆಸುತ್ತಿದ್ದರು. ಬಾನೆಟ್ಟು ತೆರೆದೇ ಇತ್ತು, ಬಾಳೆಕಂಬ ಒಂದು ಕಡೆ ಜೋತುಬಿದ್ದಿತ್ತು. ಜೀಪಿನ ಹಿಂದೆ ಮಂದಿ ನಡೆದು ಬರುತ್ತಿದ್ದರು, ಒಂದು ಜೀಪಿಗೆ ಬೇಕಾದುದಕ್ಕಿಂತ ಹೆಚ್ಚು ಮಂದಿ. ಕೈಯಲ್ಲಿ ಬಡಿಗೆ. ಎತ್ತು ಹೊಡೆಯಲು ತಂದವೋ ಬೇರೆಯದಕ್ಕೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

ಸಂಭಾಜಿಗೆ ಇನ್ನೂ ಕಂಡಿರಲಿಲ್ಲ. ಅಕ್ಕುತಾಯಿ ಪಾನಾ ಎತ್ತಿ ಅವನ ಮಡಿಲಿಗೆ ಇಟ್ಟು, ಹಿಡಿಪಟ್ಟಿಯನ್ನು ತಾನು ಹಿಡಿದುಕೊಂಡಳು.

“ಏಳ್ರಿ,” ಎಂದಳು. “ಗಿರಾಕಿ ಬಂದಾರ.”